ತಿರಕಿಟ ಕೇಳಿದ ಮೇಲೆ ಕ್ಯಾಮೆರಾ ಎತ್ತಿ

(ಧಾರವಾಡದಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕ್ಯಾಮೆರಾ ಹಿಡಿದು ಸಂಗೀತ ಕೇಳಲು ಬಂದವನಿಗೆ ಕಿವಿ ಇರುವುದಿಲ್ಲ ಎಂಬುದು ನಮ್ಮೂರಿನ ಹಿರಿಯ ಕೇಳುಗರ ಗಟ್ಟಿ ನಂಬಿಕೆ. ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರು ನಮ್ಮತ್ತ ಬೀರುವ ನೋಟದಲ್ಲೇ ಅದು ತಿಳಿಯುತ್ತದೆ. ಅವರನ್ನು ದೂರುವಂತಿಲ್ಲ. ಗಾಯಕರು ಷಡ್ಜ ಹಚ್ಚುವ ಹೊತ್ತಿಗೆ ಸರಿಯಾಗಿ ಎದುರಿಗೆ ಬಂದು, ಮೊಣಕಾಲೂರಿ, ಫ್ಲ್ಯಾಶ್ ಮಿಂಚಿಸಿ, ತೆಗೆದದ್ದನ್ನು ಅಲ್ಲೇ ನಿಂತು ನೋಡಿಕೊಂಡು, ತಾಳದ ಎರಡನೆಯ ಆವರ್ತನ (ಸುತ್ತು) ಮುಗಿಯುವ ಮೊದಲೇ ಹೊರಟುಹೋಗುವ ನಮ್ಮ ಕಸುಬಿನವರನ್ನು ಅವರು ವರ್ಷಗಟ್ಟಲೆ ಸಹಿಸಿಕೊಂಡಿದ್ದಾರೆ. ಆದರೂ ಅವರ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ತಾಳ ಕಲಿಸಿದ್ದೇ ಕ್ಯಾಮೆರಾ. ರಾಗದ ಲಕ್ಷಣ ಬಿಡಿಸಿ ಹೇಳುವ ಪಾಂಡಿತ್ಯ ನನಗಿಲ್ಲ. ಆದರೆ ವಿಲಂಬಿತ (ನಿಧಾನ ಲಯದ) ಏಕತಾಲದಲ್ಲಿ ಸಮ್, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು, ಯಾವಾಗ ಬೀಳುತ್ತದೆ ಎಂಬುದು ಮೈಗೆ ಗೊತ್ತಾಗುತ್ತದೆ, ಏಕೆಂದರೆ ಚಿತ್ರ ಇರುವುದು ಅಲ್ಲಿ. ಚಿತ್ರದ ಆಸೆಗೆ ಕಿವಿಗೊಟ್ಟವನು ಕೇಳುಗನಾಗಿಬಿಡಬಹುದು ಎಂಬುದನ್ನೇ ಇವತ್ತು ನಿಮ್ಮ ಮುಂದೆ ವಾದಿಸಬೇಕೆಂದಿದ್ದೇನೆ. ಅಜ್ಜಂದಿರು ಯಾರಾದರೂ ಇಲ್ಲಿ ಕೂತಿದ್ದರೆ ಕ್ಷಮಿಸಬೇಕು.

ಈ ವಿಷಯದಲ್ಲಿ ಧಾರವಾಡದವನ ಪುಣ್ಯ ದೊಡ್ಡದು. ಕನ್ನಡದ ನೆಲದಲ್ಲಿ ಹಿಂದೂಸ್ತಾನಿ ಸಂಗೀತ ಇಷ್ಟು ಆಳವಾಗಿ ಬೇರೂರಿದ್ದಕ್ಕೆ ಕಾರಣಗಳು ಹಲವು. 1956ರವರೆಗೆ ನಾವು ಮುಂಬಯಿಯ ಆಡಳಿತಕ್ಕೆ ಸೇರಿದ್ದವರು. ಮರಾಠಿ ನಾಟಕ ಕಂಪನಿಗಳು ಇಲ್ಲಿ ಬಂದು ಠಿಕಾಣಿ ಹೂಡುತ್ತಿದ್ದವು, ರಂಗಗೀತೆಯ ಬೆನ್ನಿಗೆ ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖ್ಯಾಲ್ ಬಂತು. ಮೈಸೂರು ಅರಮನೆಯಲ್ಲಿ ಹಾಡಲು ಹೊರಟ ಉತ್ತರದ ಉಸ್ತಾದರು ದಾರಿಯಲ್ಲಿ ಇಲ್ಲಿ ಇಳಿದುಕೊಳ್ಳುತ್ತಿದ್ದರು. ಭಾಸ್ಕರಬುವಾ ಬಖಲೆಯವರು ಈ ಊರಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಹೀಗೆ ಕಿರಾನಾ ಘರಾನೆ (ಗಾಯನ ಪರಂಪರೆ) ನಮ್ಮ ಮನೆಯದೇ ಆಯಿತು. ಮಲ್ಲಿಕಾರ್ಜುನ ಮನಸೂರರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯನಶೈಲಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಜೈಪುರ ಗಾಯನಶೈಲಿಯನ್ನು ತಂದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಹಚ್ಚಿದ ದೀಪದಿಂದ ಬಸವರಾಜ ರಾಜಗುರು ಬಂದರು. ಸಿತಾರಿಗೆ ರಹಿಮತ್ ಖಾನರ ಮನೆತನವೇ ಇತ್ತು. 1950ರಲ್ಲಿ ಆಕಾಶವಾಣಿ ಕೇಂದ್ರ ಬಂದ ಮೇಲೆ ತಬಲಾ, ಸಾರಂಗಿ ನುಡಿಸುವವರಿಗೂ ತಿಂಗಳ ಪಗಾರ ಎಂಬುದು ಕಾಣಿಸಿತು. ಈ ಕೊನೆಯ ಸಂಗತಿಯನ್ನು ಹಾಡಿ ಹೊಗಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಅದು ಬಹಳ ಮುಖ್ಯ. ಊರಿನಲ್ಲಿ ಸಂಗೀತ ಉಳಿಯಬೇಕಾದರೆ ಸಾಥಿಗಳು, ಅಂದರೆ ಪಕ್ಕವಾದ್ಯದವರು, ಊರಿನಲ್ಲಿ ಉಳಿಯಬೇಕು.

ದೊಡ್ಡ ಹೆಸರುಗಳ ಚಿತ್ರ ತೆಗೆಯುವ ಕಾಲ ಮುಗಿಯಿತು ಎಂದು ಕೆಲವರು ಕೈಚೆಲ್ಲಿ ಕೂತಿದ್ದಾರೆ. ರಾಜಗುರು 1991ರಲ್ಲಿ ಹೋದರು, ಮನಸೂರರು ಮರುವರ್ಷ, ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ. ರಘು ರಾಯ್ ತೆಗೆದ ಮನಸೂರರ, ಭೀಮಸೇನರ ಚಿತ್ರಗಳನ್ನು ನೋಡಿದವರಿಗೆ ಇನ್ನೇನು ಉಳಿದಿದೆ ಎನ್ನಿಸುವುದು ಸಹಜ. ಆದರೆ ರಘು ರಾಯ್ ದಿಲ್ಲಿಯಿಂದ ಬರಬೇಕಿತ್ತು. ನಾವು ಚಹಾ ಮುಗಿಸಿ, ನಡೆದುಕೊಂಡು ಸಭಾಗೃಹಕ್ಕೆ ಹೋಗಬಹುದು. ಪಂಡಿತ ವೆಂಕಟೇಶ ಕುಮಾರ್ ದೇಶವೆಲ್ಲ ಹಾಡಿಬಂದು ಮಲಗುವುದು ಇದೇ ಊರಿನಲ್ಲಿ. ಅವರನ್ನು ಮುಂಬಯಿಯ ದೊಡ್ಡ ಸಭಾಂಗಣದಲ್ಲಿ ಒಮ್ಮೆ ತೆಗೆಯುವ ಛಾಯಾಗ್ರಾಹಕ ಆ ಒಂದು ಸಂಜೆಯಲ್ಲೇ ಎಲ್ಲವನ್ನೂ ಹಿಡಿಯಬೇಕು. ಇವತ್ತು ಸಿಗದಿದ್ದರೆ ಮುಂದೆ ಯಾರಾದರೂ ಹಿರಿಯರ ಪುಣ್ಯತಿಥಿಯ ಕಾರ್ಯಕ್ರಮದಲ್ಲಿ ಸಿಗುತ್ತದೆ ಎಂಬ ನಿಶ್ಚಿಂತೆ ನಮಗಿದೆ. ಆ ನಿಶ್ಚಿಂತೆಯೇ ಊರಿನ ಛಾಯಾಗ್ರಾಹಕನ ಬಂಡವಾಳ. ಅವಸರವಿಲ್ಲದವನು ಮಾತ್ರ ಕ್ಯಾಮೆರಾ ಕೆಳಗಿಟ್ಟು ಕೇಳಬಲ್ಲ.

ಈಗ ಸಮ್ ವಿಷಯಕ್ಕೆ ಬರುತ್ತೇನೆ. ಸಂಗೀತ ಬಲ್ಲವರು ಸ್ವಲ್ಪ ಹೊತ್ತು ಆಕಳಿಸಬಹುದು.

ಬಡಾ ಖ್ಯಾಲ್, ಅಂದರೆ ನಿಧಾನವಾಗಿ ಹಾಡುವ ಖ್ಯಾಲ್, ಹೆಚ್ಚಾಗಿ ವಿಲಂಬಿತ ಏಕತಾಲದಲ್ಲಿ ಇರುತ್ತದೆ. ಹನ್ನೆರಡು ಮಾತ್ರೆ, ಅಂದರೆ ತಾಳದ ಹನ್ನೆರಡು ಎಣಿಕೆ. ಲಯ ಎಷ್ಟು ನಿಧಾನವೆಂದರೆ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷ, ಕೆಲವರ ಗಾಯನದಲ್ಲಿ ಒಂದು ನಿಮಿಷವೂ ಹಿಡಿಯುತ್ತದೆ. ತಬಲಾದ ಠೇಕಾ, ಅಂದರೆ ತಾಳ ಹೇಳುವ ಪೆಟ್ಟುಗಳ ಸಾಲು, ಹೀಗೆ: ಧಿಂ ಧಿಂ ಧಾಗೆ ತಿರಕಿಟ ತೂ ನಾ, ಕತ್ ತಾ ಧಾಗೆ ತಿರಕಿಟ ಧೀ ನಾ. ತಿರಕಿಟ ಎರಡು ಸಲ ಬರುತ್ತದೆ, ನಾಲ್ಕನೆಯ ಮಾತ್ರೆಯಲ್ಲಿ ಒಮ್ಮೆ, ಹತ್ತನೆಯದರಲ್ಲಿ ಇನ್ನೊಮ್ಮೆ. ಛಾಯಾಗ್ರಾಹಕ ಕಲಿಯಬೇಕಾದದ್ದು ಈ ಎರಡನೆಯ ತಿರಕಿಟವನ್ನು. ಅದು ಕೇಳಿಸಿತೆಂದರೆ ಧೀ, ನಾ ಎರಡೇ ಮಾತ್ರೆ ಉಳಿದಿವೆ. ಗಾಯಕ ಅಲ್ಲಿಯವರೆಗೆ ಎಲ್ಲೆಲ್ಲಿ ತಿರುಗಾಡಿದ್ದರೂ ಈಗ ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಮನೆಗೆ ಮರಳಬೇಕು. ನಿಮ್ಮ ಕೈಯಲ್ಲಿ ಎಂಟು ಹತ್ತು ಸೆಕೆಂಡು ಇರುತ್ತವೆ. ಕ್ಯಾಮೆರಾವನ್ನು ಕಣ್ಣಿಗೆ ಏರಿಸಿ, ಫೋಕಸ್ ನೋಡಿ, ಉಸಿರು ಬಿಗಿಹಿಡಿಯಲು ಅಷ್ಟು ಸಾಕು. ಸಮ್ ಬಿದ್ದಾಗ ಗಾಯಕನ ಕೈ ಇಳಿಯುತ್ತದೆ, ತಬಲಾದವರ ತಲೆ ಏಳುತ್ತದೆ, ಹಿಂದೆ ತಂಬೂರಿ ಹಿಡಿದ ಶಿಷ್ಯನ ಮುಖದಲ್ಲಿ ನಗು ಸುಳಿಯುತ್ತದೆ, ಮುಂದಿನ ಸಾಲಿನ ಅಜ್ಜನ ಬಾಯಿಂದ 'ವಾಹ್' ಹೊರಡುತ್ತದೆ. ಇಷ್ಟೂ ಒಂದೇ ಕ್ಷಣದಲ್ಲಿ. ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಕ್ರಿಕೆಟ್ ಮೈದಾನದಲ್ಲೂ ಇಲ್ಲ, ಕಾಡಿನಲ್ಲೂ ಇಲ್ಲ. ಹುಲಿ ಯಾವಾಗ ತಿರುಗುತ್ತದೆ ಎಂದು ಯಾವ ತಬಲಾದವರೂ ಹೇಳಿಕೊಡುವುದಿಲ್ಲ.

ಆ ನಡುವಿನ ಮುಕ್ಕಾಲು ನಿಮಿಷ ಏನು ಮಾಡಬೇಕು? ಕೇಳಬೇಕು. ಬೇರೆ ಕೆಲಸವಿಲ್ಲ. ಎರಡನೆಯ ತಿರಕಿಟಕ್ಕಾಗಿ ಕಾಯುತ್ತ ಕೂತವನು ಮೊದಲನೆಯದನ್ನು ಕೇಳಲೇಬೇಕಾಗುತ್ತದೆ, 'ಕತ್ ತಾ' ಬಂದಿತೋ ಇಲ್ಲವೋ ಎಂದು ಗಮನಿಸಬೇಕಾಗುತ್ತದೆ. ಸಂಜೆಗಟ್ಟಲೆ ಹೀಗೆ ಕಾದವನಿಗೆ ತಾಳ ಬಾರದೆ ಇರಲು ಸಾಧ್ಯವೇ? ತೀನತಾಲವಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಹದಿನಾರು ಮಾತ್ರೆಯ ಆ ತಾಳದಲ್ಲಿ ಒಂಬತ್ತನೆಯದಕ್ಕೆ ಖಾಲಿ. ಎಡಗೈಯಿಂದ ನುಡಿಸುವ ಡಗ್ಗಾದ ಗುಂಗು ನಿಲ್ಲುತ್ತದೆ, ಎಡಗೈ ಹಗುರಾಗುತ್ತದೆ. ತಬಲಾ ವಾದಕರ ಒಳ್ಳೆಯ ಚಿತ್ರ ಬೇಕಿದ್ದರೆ ಖಾಲಿಯಲ್ಲಿ ತೆಗೆಯಿರಿ. ಬಲಗೈಯ ಬೆರಳುಗಳು ಮಸುಕಾಗಿ ಓಡುತ್ತಿರುತ್ತವೆ, ಎಡಗೈ ಸ್ಪಷ್ಟವಾಗಿ ನಿಂತಿರುತ್ತದೆ. ಷಟರ್ ವೇಗ ಸೆಕೆಂಡಿನ 50ನೆಯ ಒಂದು ಭಾಗಕ್ಕಿದ್ದರೆ ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ.

ಘರಾನೆಗೂ ಚಿತ್ರಕ್ಕೂ ಸಂಬಂಧವಿದೆ ಎಂದರೆ ಕೆಲವರು ನಗುತ್ತಾರೆ. ಕಿರಾನಾದವರು ಒಂದೊಂದೇ ಸ್ವರವನ್ನು ನಿಲ್ಲಿಸಿ, ತೂಗಿ, ಮುಂದಿನದಕ್ಕೆ ಹೋಗುತ್ತಾರೆ. ಮುಖದಲ್ಲಿ ಚಲನೆ ಕಡಿಮೆ, ಕಣ್ಣು ಬಹುಪಾಲು ಮುಚ್ಚಿರುತ್ತದೆ. ಚಿತ್ರದವನಿಗೆ ಧಾರಾಳ ಸಮಯ, ಆದರೆ ಅದೇ ಚಿತ್ರ ಮತ್ತೆ ಮತ್ತೆ ಬರುವ ಅಪಾಯವೂ ಉಂಟು. ಭೀಮಸೇನರದು ಅದೇ ಘರಾನೆಯಾದರೂ ಅವರ ಮೈಯೆಲ್ಲ ಹಾಡುತ್ತಿತ್ತು, ಆ ಮಾತು ಬೇರೆ. ಜೈಪುರದವರ ತಾನು (ವೇಗದ ಸ್ವರಗಳ ಸರಣಿ) ಒಂದರೊಳಗೊಂದು ಹೆಣೆದುಕೊಂಡು ಹೋಗುತ್ತದೆ, ಎಲ್ಲಿ ಉಸಿರು ತೆಗೆದುಕೊಂಡರು ಎಂಬುದೇ ಗೊತ್ತಾಗುವುದಿಲ್ಲ. ಸಮ್ ನಿಮ್ಮ ಕಣ್ಣೆದುರಿಗೇ ಜಾರಿಹೋಗುತ್ತದೆ. ಅಲ್ಲಿ ಎಣಿಕೆ ತಪ್ಪಿದರೆ ಚಿತ್ರವೂ ತಪ್ಪಿತು. ಕಿರಾನಾ ಗಾಯಕರನ್ನು ತೆಗೆದು ಕಲಿತವನು ಜೈಪುರದವರ ಎದುರು ಕೂತಾಗ ಮೊದಲ ಅರ್ಧ ಗಂಟೆ ಕ್ಯಾಮೆರಾ ಮುಟ್ಟದಿರುವುದು ಒಳ್ಳೆಯದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ತಾನು ಹೊಡೆಯುವಾಗ ಬಾಯಿ ಅಗಲಿಸಿ, ಕೈ ಮೇಲೆತ್ತಿದ ಗಾಯಕನ ಚಿತ್ರ ಇನ್ನು ಸಾಕು. ಪತ್ರಿಕೆಗಳಿಗೆ ಅದೇ ಬೇಕು, ಆಹ್ವಾನ ಪತ್ರಿಕೆಗಳಿಗೂ ಅದೇ ಬೇಕು, ಆದ್ದರಿಂದ ನಾವೂ ಅದನ್ನೇ ತೆಗೆಯುತ್ತೇವೆ. ಸದ್ದಿಲ್ಲದ ಚಿತ್ರದಲ್ಲಿ ತೆರೆದ ಬಾಯಿ ನೋವಿನಂತೆ ಕಾಣುತ್ತದೆಯೇ ಹೊರತು ಹಾಡಿನಂತಲ್ಲ. ಸ್ವರ ಹೊರಡುವುದಕ್ಕೆ ಮುಂಚಿನ ಕ್ಷಣ, ಸ್ವರ ಮುಗಿದ ಮರುಕ್ಷಣ, ಈ ಎರಡರಲ್ಲಿ ಮುಖ ಸತ್ಯ ಹೇಳುತ್ತದೆ.

ಅದಕ್ಕಿಂತ ಮೊದಲು, ಪರದೆ ಸರಿಯುವ ಮುಂಚೆಯೇ ಹೋಗಿ ಕೂಡುವುದು ನನಗೆ ಇಷ್ಟ. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ತಂತಿ ಮತ್ತು ಅದು ಹಾದುಹೋಗುವ ಕುದುರೆ ಎಂಬ ಮಣೆಯ ನಡುವೆ ಹತ್ತಿಯ ಸಣ್ಣ ದಾರವೊಂದಿರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಸರಿಯಾದ ಜಾಗಕ್ಕೆ ಬಂದಾಗ ಮಂಕಾಗಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ, ಅದಕ್ಕೆ ಜವಾರಿ ತೆರೆಯಿತು ಎನ್ನುತ್ತಾರೆ. ಶಿಷ್ಯ ಕಿವಿಯನ್ನು ತಂಬೂರಿಯ ಕೊರಳಿಗೆ ಹಚ್ಚಿ ಹಾಗೇ ಕೂತಿರುತ್ತಾನೆ. ಅತ್ತ ತಬಲಾದವರು ಹತೋಡಿಯಿಂದ ಅಂಚನ್ನು ತಟ್ಟುತ್ತ, ಬೆರಳಿನಿಂದ ನುಡಿಸಿ ನೋಡುತ್ತ, ಷಡ್ಜವನ್ನು ಬೆನ್ನಟ್ಟುತ್ತಿರುತ್ತಾರೆ. ಗುರುಗಳು ಪಕ್ಕದಲ್ಲಿ ಏನೂ ಮಾತಾಡದೆ ತಲೆ ತಗ್ಗಿಸಿರುತ್ತಾರೆ. ಇಡೀ ಸಂಜೆಯಲ್ಲಿ ಎಲ್ಲರೂ ಒಂದೇ ಧ್ವನಿಯನ್ನು ಹುಡುಕುತ್ತಿರುವ ಹೊತ್ತು ಇದು. ಯಾರಿಗೂ ಕ್ಯಾಮೆರಾದ ಪರಿವೆ ಇರುವುದಿಲ್ಲ. ಇಲ್ಲಿ ಸಿಗುವ ಚಿತ್ರಗಳನ್ನು ನಾನು ಕಾರ್ಯಕ್ರಮದ ಯಾವ ಚಿತ್ರಕ್ಕೂ ಬದಲಾಯಿಸಲಾರೆ.

ಬೆಳಕಿನ ಗೋಳು ನಿಮಗೆಲ್ಲ ಗೊತ್ತಿದೆ, ಆದರೂ ಎರಡು ಮಾತು. ಸೃಜನಾ ರಂಗಮಂದಿರದಂಥ ಕಡೆ ಬೆಳಕು ರಂಗಭೂಮಿಯ ಲೆಕ್ಕಕ್ಕೆ ಇರುತ್ತದೆ. ಚಿಕ್ಕ ಸಭಾಭವನಗಳಲ್ಲಿ ಟ್ಯೂಬ್‌ಲೈಟು, ಮೇಲೊಂದು ಎಲ್‌ಇಡಿ. ವಿದ್ಯುತ್ತಿನ 50 ಹರ್ಟ್ಸ್ ಲಯಕ್ಕೆ ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಿಸದ ಈ ಮಿನುಗು ಕ್ಯಾಮೆರಾಕ್ಕೆ ಕಾಣಿಸುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಗಾಯಕರ ಮುಖದ ಮೇಲೆ ಅಡ್ಡ ಪಟ್ಟಿಗಳು ಬೀಳುತ್ತವೆ. ವೇಗವನ್ನು 50 ಅಥವಾ 100ಕ್ಕೆ ಕಟ್ಟಿಹಾಕಿದರೆ ಪಟ್ಟಿಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ) 3200 ಅಥವಾ 6400ಕ್ಕೆ ಏರಿಸಲು ಹೆದರಬೇಡಿ. ಹಿಂದಿನವರು 400ರ ಫಿಲ್ಮನ್ನು 1600ಕ್ಕೆ ಎಳೆದು, ಕತ್ತಲೆ ಕೋಣೆಯಲ್ಲಿ ಹೆಚ್ಚು ಹೊತ್ತು ತೊಳೆದು, ಅಷ್ಟು ದೊಡ್ಡ ಕಾಳುಗಳಿರುವ ಚಿತ್ರಗಳನ್ನೇ ಕೊಟ್ಟರು. ಅವನ್ನು ನೋಡಿ ಯಾರೂ ಕಾಳು ಎಣಿಸಲಿಲ್ಲ. ನೀಲಿ, ನೇರಳೆ ದೀಪ ಹಾಕುವ ಹೊಸ ಚಟ ಮಾತ್ರ ನನಗೆ ಸೇರುವುದಿಲ್ಲ. ಮಾರ್ವಾ ರಾಗ ಹಾಡುವ ಹಿರಿಯರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ಕಪ್ಪು ಬಿಳುಪಿಗೆ ಶರಣಾಗುವುದೊಂದೇ ದಾರಿ.

ಬೆಳಕಿಗಿಂತ ದೊಡ್ಡ ಶತ್ರು ಫ್ಲೆಕ್ಸ್. ಗಾಯಕರ ಹಿಂದೆ ಪ್ರಾಯೋಜಕರ ಹೆಸರು, ಮುಖ್ಯ ಅತಿಥಿಗಳ ಭಾವಚಿತ್ರ, ಮೊಬೈಲ್ ನಂಬರು. ನೀವು ಎದುರಿಗೆ ಕೂತು ತೆಗೆದರೆ ಪಂಡಿತರ ತಲೆಯ ಮೇಲೆ ಮುಖ್ಯ ಅತಿಥಿಗಳು ನಗುತ್ತಿರುತ್ತಾರೆ. ಪಕ್ಕಕ್ಕೆ ಬನ್ನಿ. ವೇದಿಕೆಯ ಅಂಚಿಗೆ ಕಣ್ಣು ತನ್ನಿ. ಅಲ್ಲಿಂದ ನೋಡಿದರೆ ಹಿಂದೆ ಕಪ್ಪು ಪರದೆ ಮಾತ್ರ ಉಳಿಯುತ್ತದೆ, ಗಾಯಕ, ತಂಬೂರಿ, ಸಾಥಿ ಒಂದು ಸಾಲಿಗೆ ಬರುತ್ತಾರೆ. ನೀಲಿ ಮುಚ್ಚಳದ ನೀರಿನ ಬಾಟಲಿಯನ್ನು ಕಾರ್ಯಕ್ರಮಕ್ಕೆ ಮುಂಚೆ ಹೋಗಿ ನೀವೇ ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಸ್ಟೀಲಿನ ತಂಬಿಗೆ ಇಡಿಸಿ. ಸಂಘಟಕರು ಬೇಡ ಎನ್ನುವುದಿಲ್ಲ, ಅವರಿಗೂ ಫೋಟೊ ಚೆನ್ನಾಗಿ ಬರಬೇಕು. ಅಂದ ಹಾಗೆ ನಮ್ಮನ್ನು ಅವರು ಕರೆಯುವುದು ಹಾಡಿಗಲ್ಲ. ದೀಪ ಬೆಳಗುವುದಕ್ಕೆ, ಶಾಲು ಹೊದಿಸುವುದಕ್ಕೆ, ನೆನಪಿನ ಕಾಣಿಕೆಯನ್ನು ಕ್ಯಾಮೆರಾ ಕಡೆ ತಿರುಗಿಸಿ ಹಿಡಿಯುವುದಕ್ಕೆ. ಕೆಲವು ಸಂಜೆ ಸನ್ಮಾನ ಬಡಾ ಖ್ಯಾಲಿಗಿಂತ ವಿಲಂಬಿತವಾಗಿರುತ್ತದೆ. ಅದನ್ನೂ ತೆಗೆದುಕೊಡಿ. ಬಾಗಿಲು ತೆರೆದಿರುವುದು ಅದರಿಂದಲೇ.

ಶಿಸ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲ್ಯಾಶ್ ಬೇಡ. ಆಲಾಪದಲ್ಲಿ ಏಳಬೇಡಿ, ಚಪ್ಪಾಳೆ ಬಿದ್ದಾಗ ಜಾಗ ಬದಲಾಯಿಸಿ. ಗಾಯಕರಿಗೂ ಅವರು ಯಾರನ್ನು ನೋಡಿ ಹಾಡುತ್ತಿದ್ದಾರೋ ಆ ಕೇಳುಗರಿಗೂ ನಡುವೆ ಎಂದೂ ಹೋಗಬೇಡಿ. ಈ ಮೂರನೆಯದು ಎಲ್ಲರಿಗೂ ಹೊಳೆಯುವುದಿಲ್ಲ. ನಮ್ಮೂರಿನ ಗಾಯಕರು ಸಭೆಯಲ್ಲಿ ಒಬ್ಬಿಬ್ಬರನ್ನು ಆರಿಸಿಕೊಂಡು ಅವರ ಮುಖ ನೋಡುತ್ತ ಹಾಡುವುದುಂಟು. ಅವರು ತಲೆದೂಗಿದರೆ ಹಾಡು ಏರುತ್ತದೆ. ಆ ದಾರಿಯಲ್ಲಿ ನಿಮ್ಮ ಬೆನ್ನು ಬಂದರೆ ಒಂದು ಹೊಸ ಜಾಗಕ್ಕೆ ಹೋಗಬೇಕಿದ್ದ ತಾನು ಅಲ್ಲೇ ನಿಂತುಬಿಡಬಹುದು.

ಇನ್ನು ಸಾಥಿಗಳು. ನನ್ನ ಮಾತಿನ ಹೆಚ್ಚಿನ ಭಾಗ ಇವರಿಗೆ ಸಲ್ಲಬೇಕು.

ಹೊರಗಿನಿಂದ ಬರುವ ಗಾಯಕರು ಬದಲಾಗುತ್ತಿರುತ್ತಾರೆ. ಈ ತಿಂಗಳು ಪುಣೆಯವರು, ಮುಂದಿನ ತಿಂಗಳು ಕೋಲ್ಕತ್ತದವರು. ಆದರೆ ತಬಲಾಕ್ಕೆ, ಹಾರ್ಮೋನಿಯಂಗೆ ಕೂಡುವವರು ಬಹುಸಾರಿ ನಮ್ಮೂರಿನವರೇ. ಊರಿನ ಸಂಗೀತದ ಮುಖ ಯಾವುದು ಎಂದು ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ. ಅದೇ ಮನುಷ್ಯನನ್ನು ಮತ್ತೆ ಮತ್ತೆ ನೋಡುತ್ತ ಹೋದಂತೆ ಎಷ್ಟೋ ಸಂಗತಿ ತಿಳಿಯುತ್ತವೆ. ಪರಿಚಯವಿಲ್ಲದ ಗಾಯಕರ ಜೊತೆ ಕೂತಾಗ ಮೊದಲ ಎರಡು ಆವರ್ತನ ಅವರ ಕಣ್ಣು ಗಾಯಕರ ತುಟಿ ಬಿಟ್ಟು ಕದಲುವುದಿಲ್ಲ. ಲಯ ಒಪ್ಪಿಗೆಯಾಯಿತು ಎಂದಾಗ ಹೆಗಲು ಕೆಳಗಿಳಿಯುತ್ತದೆ. ಅದನ್ನು ನೀವು ಕಣ್ಣಾರೆ ನೋಡಬಹುದು, ತೆಗೆಯಬಹುದು. ಹಾರ್ಮೋನಿಯಂನವರ ಕೆಲಸ ಇನ್ನೂ ಸೂಕ್ಷ್ಮ. ಗಾಯಕರು ಹಾಡಿ ಬಿಟ್ಟ ಜಾಗವನ್ನು ತುಂಬಬೇಕು, ಮುಂದೆ ಹೋಗಬಾರದು. ಅವರ ಎಡಗೈ ಗಾಳಿ ಹಾಕುತ್ತಿರುತ್ತದೆ, ಬಲಗೈ ಒಂದು ಸ್ವರದ ಮೇಲೆ ಒತ್ತದೆಯೇ ಕಾಯುತ್ತಿರುತ್ತದೆ. ಒತ್ತದೆ ಕಾಯುವ ಆ ಬೆರಳುಗಳ ಚಿತ್ರ ತೆಗೆದವರು ಕಡಿಮೆ. ತಂಬೂರಿ ನುಡಿಸುವ ಹುಡುಗ ಹುಡುಗಿಯರಂತೂ ಪತ್ರಿಕೆಯ ಚಿತ್ರದಲ್ಲಿ ಯಾವಾಗಲೂ ಅರ್ಧ ಕತ್ತರಿಸಿಹೋಗಿರುತ್ತಾರೆ. ಮುಂದೆ ಆ ಜಾಗಕ್ಕೆ ಬಂದು ಹಾಡುವವರು ಅವರೇ. ಹಿಂದೆ ಕೂತು ನಾಲ್ಕು ತಂತಿ ಮೀಟುತ್ತ ಗುರುವಿನ ಬೆನ್ನು ನೋಡುತ್ತಿದ್ದವರನ್ನು ಮುಂದೊಂದು ದಿನ ಮಧ್ಯದಲ್ಲಿ ಕೂತು ಹಾಡುವಾಗ ತೆಗೆಯುವುದು ಹೊರಗಿನಿಂದ ಬಂದ ಛಾಯಾಗ್ರಾಹಕನಿಗೆ ಒದಗುವ ಭಾಗ್ಯವಲ್ಲ.

ಅವರಿಗೆ ಚಿತ್ರದ ಪ್ರತಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಕೊಟ್ಟಂತಲ್ಲ, ಕಾಗದದ ಮೇಲೆ ಅಚ್ಚು ಹಾಕಿಸಿ ಕೊಡಿ. ವರ್ಷಾನುಗಟ್ಟಲೆ ದೊಡ್ಡವರ ಪಕ್ಕದಲ್ಲಿ ಕೂತು ನುಡಿಸಿದವರ ಮನೆಗೆ ಹೋದರೆ ಗೋಡೆಯ ಮೇಲಿನ ಚಿತ್ರದಲ್ಲಿ ಗಾಯಕರು ನಡುವೆ ಇರುತ್ತಾರೆ, ಮನೆಯ ಯಜಮಾನರು ಅಂಚಿನಲ್ಲಿ, ಒಂದು ಕೈ ಕಾಣದಂತೆ. ಒಬ್ಬ ಹಿರಿಯ ತಬಲಾ ವಾದಕರಿಗೆ ಅವರೊಬ್ಬರೇ ಇರುವ ಚಿತ್ರ ಒಯ್ದು ಕೊಟ್ಟಿದ್ದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಗುರುಗಳು ಹೇಳಿಕೊಟ್ಟ ಕೈ ಹಾಗೇ ಇದೆಯಪ್ಪಾ, ಕಿರುಬೆರಳು ಎದ್ದಿಲ್ಲ" ಎಂದರು. ಅವರು ನೋಡಿದ್ದು ಮುಖವನ್ನಲ್ಲ. ಅವತ್ತಿನಿಂದ ಕೈಗಳನ್ನು ತೆಗೆಯುವಾಗ ಕಿರುಬೆರಳಿನವರೆಗೂ ನೋಡುತ್ತೇನೆ.

ಕೇಳುಗರ ಕಡೆಗೂ ಕ್ಯಾಮೆರಾ ತಿರುಗಿಸಿ. ಧಾರವಾಡದ ಸಭೆಯಲ್ಲಿ ಒಂದು ವಿಶೇಷವಿದೆ. ಖ್ಯಾಲಿನ ಬಂದಿಶ್ (ಹಾಡುವ ಸಾಹಿತ್ಯ) ಹೆಚ್ಚಾಗಿ ಬ್ರಜ ಭಾಷೆಯಲ್ಲಿ ಇರುತ್ತದೆ. ಅದು ನಡೆಯುವಷ್ಟು ಹೊತ್ತು ಸಭೆಯ ಮುಖಗಳು ಸ್ವರದ ಹಿಂದೆ ಇರುತ್ತವೆ, ತಲೆಗಳು, ಬೆರಳುಗಳು ಆಡುತ್ತಿರುತ್ತವೆ. ಕೊನೆಗೆ ಒಂದು ವಚನವೋ ದಾಸರ ಪದವೋ ಶುರುವಾದಾಗ ತುಟಿಗಳು ಆಡತೊಡಗುತ್ತವೆ. ಮನಸೂರರು ವಚನಗಳನ್ನು, ಭೀಮಸೇನರು ದಾಸವಾಣಿಯನ್ನು ರಾಗಕ್ಕೆ ಕೂಡಿಸಿ ಹಾಡಿ ಬೆಳೆಸಿದ ರೂಢಿ ಇದು. ಆಗ ವೇದಿಕೆಗೆ ಬೆನ್ನು ಮಾಡಿ ಸಭೆಯನ್ನು ನೋಡಬೇಕು. ಬಾಗಿಲ ಹತ್ತಿರ ನಿಂತ ಕಾವಲುಗಾರ, ಚಹಾದ ಟ್ರೇ ಹಿಡಿದ ಹುಡುಗ, ಸೆರಗು ಸರಿಪಡಿಸಿಕೊಂಡು ಹೊರಡಲು ಎದ್ದ ತಾಯಿ, ಎಲ್ಲರೂ ಒಂದು ಸಾಲನ್ನಾದರೂ ಒಳಗೊಳಗೇ ಹಾಡುತ್ತಿರುತ್ತಾರೆ. ಎದ್ದವರು ಮತ್ತೆ ಕೂಡುತ್ತಾರೆ.

ಹುಬ್ಬಳ್ಳಿ ಹತ್ತಿರದ ಕುಂದಗೋಳದ ಬಗ್ಗೆ ಹೇಳದೆ ಹೋದರೆ ಈ ಮಾತು ಪೂರ್ತಿಯಾಗುವುದಿಲ್ಲ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಕಾಕತಾಳೀಯವೆಂದರೆ ಸರಿಯಾಗಿ ನಲವತ್ತು ವರ್ಷದ ಮೇಲೆ ಅದೇ ತಾರೀಖಿಗೆ ಮನಸೂರರೂ ಹೋದರು. ಹೀಗಾಗಿ ಸೆಪ್ಟೆಂಬರ್ ನಮಗೆ ಸ್ಮರಣೆಯ ತಿಂಗಳು, ಹಾಡಿನ ತಿಂಗಳು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಗಂಗೂಬಾಯಿಯವರು ಗುರುಗಳಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಊರು ಅದು. ಭೀಮಸೇನರು ಗುರುಗಳ ಮನೆಯಲ್ಲಿದ್ದು ನೀರು ಹೊತ್ತು ಕಲಿತ ಊರೂ ಅದೇ.

ಅಹೋರಾತ್ರಿ ಎಂಬುದರಲ್ಲೇ ಅದರ ಬೆಲೆ ಇದೆ. ಪಟ್ಟಣದ ಸಭಾಗೃಹಗಳಲ್ಲಿ ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ಹಿಂದೂಸ್ತಾನಿ ರಾಗಗಳಿಗೆ ವೇಳೆಯ ಕಟ್ಟಿದೆ. ಹೀಗಾಗಿ ನಾವು ಕೇಳುವುದು ಯಮನ್, ಪೂರಿಯಾ ಧನಾಶ್ರೀ, ಬಾಗೇಶ್ರೀ, ಇವುಗಳನ್ನೇ ಹೆಚ್ಚು. ನಡುರಾತ್ರಿ ಕಳೆದ ಮೇಲಿನ ರಾಗಗಳು, ನಸುಕಿನ ಲಲಿತ್, ಬೆಳಗಿನ ತೋಡಿ, ಇವು ತಮ್ಮ ಹೊತ್ತಿನಲ್ಲಿ ಕಿವಿಗೆ ಬೀಳಬೇಕಾದರೆ ರಾತ್ರಿಯೆಲ್ಲ ಎಚ್ಚರಿರುವ ಸಭೆ ಬೇಕು. ಛಾಯಾಗ್ರಾಹಕನಿಗೂ ಇದು ಲಾಭದ ಮಾತು. ಹತ್ತು ಗಂಟೆಗೆ ನೆಟ್ಟಗೆ ಕೂತಿದ್ದ ಸಭೆ ಎರಡು ಗಂಟೆಗೆ ಕಂಬಕ್ಕೆ ಒರಗಿರುತ್ತದೆ. ಮೂರಕ್ಕೆ ಮಕ್ಕಳು ಜಮಖಾನೆಯ ಮೇಲೆ ಮಲಗಿರುತ್ತಾರೆ, ಅವರ ಪಕ್ಕದಲ್ಲೇ ಅಜ್ಜ ಎಚ್ಚರಾಗಿ ಮಾತ್ರೆ ಎಣಿಸುತ್ತಿರುತ್ತಾನೆ. ಹೊಲದ ಕೆಲಸ ಮುಗಿಸಿ ಬಂದು ಕೂತವರು ತಪ್ಪಿಲ್ಲದಂತೆ ಸಮ್‌ಗೆ ಕೈ ಎತ್ತುವುದನ್ನು ಅಲ್ಲಿ ನೋಡಬಹುದು. ನಮ್ಮ ಸಂಗೀತ ಸುಶಿಕ್ಷಿತರ ಆಸ್ತಿ ಎನ್ನುವವರನ್ನು ಒಂದು ರಾತ್ರಿ ಅಲ್ಲಿ ಕೂಡಿಸಬೇಕು. ಬೆಳಕು ಹರಿಯುವಾಗ ದೀಪದ ಹಳದಿಯ ಜೊತೆ ಹೊರಗಿನ ನೀಲಿ ಬೆರೆಯುತ್ತದೆ. ಯಾವ ವೈಟ್ ಬ್ಯಾಲೆನ್ಸ್ ಇಟ್ಟರೂ ಒಂದು ಕಡೆ ತಪ್ಪುತ್ತದೆ. ತಪ್ಪಲಿ ಬಿಡಿ. ಕೋಮಲ ರಿಷಭವೂ ಎರಡು ಮಧ್ಯಮಗಳೂ ಕೂಡಿದ ಲಲಿತ್ ಹಾಡುತ್ತಿರುವಾಗ ಬಣ್ಣ ಸರಿಪಡಿಸಲು ಹೋಗುವವನು ಚಿತ್ರಕಾರನಲ್ಲ, ಗುಮಾಸ್ತ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ. ಬಂದವುಗಳಲ್ಲಿ ಮೂರನ್ನು ಇಲ್ಲಿ ಬರೆದಿದ್ದೇನೆ.

ಒಬ್ಬ ತರುಣಿ ಕೇಳಿದರು: ಸಭೆಯಲ್ಲಿ ಎಲ್ಲರೂ ಮೊಬೈಲ್ ಎತ್ತಿ ಹಿಡಿದಿರುವಾಗ ನಮ್ಮ ಕ್ಯಾಮೆರಾಕ್ಕೆ ಏನು ಕೆಲಸ? ನನ್ನ ಉತ್ತರ: ಮೊಬೈಲ್ ಎತ್ತುವವರು ಹಾಡುವವರನ್ನು ಮಾತ್ರ ತೆಗೆಯುತ್ತಾರೆ, ಅದೂ ಮೊದಲ ಹತ್ತು ನಿಮಿಷ. ಉಳಿದದ್ದೆಲ್ಲ ನಿಮ್ಮದು. ಆ ಹತ್ತು ನಿಮಿಷ ನೀವು ಕಣ್ಣು ಮುಚ್ಚಿ ಕೇಳಿ, ಲಯ ಮೈಗೆ ಹತ್ತಲಿ. ಪರದೆಗಳ ಬೆಳಕು ಆರಿದ ಮೇಲೆ ಶುರು ಮಾಡಿ.

ಇನ್ನೊಬ್ಬರದು ದುಡ್ಡಿನ ಪ್ರಶ್ನೆ: ಸಂಘಟಕರು ಚಿತ್ರ ಕೇಳುತ್ತಾರೆ, ಹಣ ಕೇಳಿದರೆ ಕಲಾಸೇವೆ ಎನ್ನುತ್ತಾರೆ, ಏನು ಮಾಡಬೇಕು? ಸನ್ಮಾನದ ಚಿತ್ರಕ್ಕೆ ಹಣ ಕೇಳಿ, ಸಂಕೋಚ ಬೇಡ, ಅದು ಕೆಲಸ. ಹಾಡಿನ ಚಿತ್ರಗಳನ್ನು ನಿಮಗಾಗಿ ತೆಗೆಯಿರಿ. ಅವು ಯಾರದಾದರೂ ಧ್ವನಿಸುರುಳಿಯ ಹೊದಿಕೆಗೋ ಪುಸ್ತಕಕ್ಕೋ ಹೋಗುವುದಾದರೆ ಕೆಳಗೆ ನಿಮ್ಮ ಹೆಸರು ಹಾಕಬೇಕೆಂದು ಮೊದಲೇ ಹೇಳಿ. ತೆಗೆದ ದಿನ, ಸ್ಥಳ, ಕೂತಿದ್ದ ಎಲ್ಲರ ಹೆಸರನ್ನು ಅವತ್ತೇ ರಾತ್ರಿ ಬರೆದಿಡಿ, ತಂಬೂರಿಯವರ ಹೆಸರನ್ನೂ ಬಿಡಬೇಡಿ. ನಮ್ಮೂರಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಎಂಥೆಂಥ ಬೈಠಕ್‌ಗಳ ಚಿತ್ರಗಳಿವೆ. ನಡುವೆ ಕೂತವರನ್ನು ಎಲ್ಲರೂ ಗುರುತಿಸುತ್ತಾರೆ. ಪಕ್ಕದಲ್ಲಿರುವ ತಬಲಾದವರು ಯಾರೆಂದು ಹೇಳಬಲ್ಲವರು ಒಬ್ಬರೂ ಉಳಿದಿರುವುದಿಲ್ಲ.

ಕೊನೆಗೆ, ಇಂಥ ಕೂಟಗಳಲ್ಲಿ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ: ಒಂದೇ ಲೆನ್ಸ್ ಒಯ್ಯಬೇಕಾದರೆ ಯಾವುದು? 85 ಎಂಎಂ ಎಲ್ಲರ ಬಳಿಯೂ ಇದೆ, ಮುಖ ಸುಂದರವಾಗಿ ಬರುತ್ತದೆ, ದೂರದಲ್ಲಿ ಕೂತು ಕೆಲಸ ಮುಗಿಸಬಹುದು. ನಾನು 35 ಎಂಎಂ ಎನ್ನುತ್ತೇನೆ. ಅದನ್ನು ಹಾಕಿಕೊಂಡವನು ವೇದಿಕೆಯ ಹತ್ತಿರ ನೆಲದ ಮೇಲೆ ಕೂಡಲೇಬೇಕು. ಒಮ್ಮೆ ಅಲ್ಲಿ ಕೂತರೆ ಎರಡೂವರೆ ಗಂಟೆ ಏಳುವಂತಿಲ್ಲ, ಕೇಳದೆ ಗತಿಯಿಲ್ಲ. ಚಿತ್ರದಲ್ಲಿ ಗಾಯಕರ ಜೊತೆಗೆ ಡಗ್ಗಾ, ತಂಬೂರಿ, ಹಾರ್ಮೋನಿಯಂ, ಮುಂದಿನ ಸಾಲಿನ ಒಂದು ಮೊಣಕಾಲು, ಎಲ್ಲವೂ ಬರುತ್ತವೆ. ಜಾಗ ಸಿಗಬೇಕಾದರೆ ಮಾತ್ರ ತಂಬೂರಿ ಶ್ರುತಿಯಾಗುವ ಮೊದಲೇ ಬಂದು ಕೂಡಬೇಕು. ತಡವಾಗಿ ಬಂದರೆ ಅಲ್ಲಿ ಅಜ್ಜಂದಿರು ಕೂತಿರುತ್ತಾರೆ, ಅವರು ಏಳುವುದಿಲ್ಲ.